ತಿಪ್ಪೆಯಿಂದ ಟ್ರೇಗೆ: ಬೆಕ್ಕಿನ ಮಣ್ಣಿನ ಚರಿತ್ರೆ

ಬೆಕ್ಕು ಮನೆಯೊಳಗೆ, ಮೂಲೆಯಲ್ಲಿಟ್ಟ ಒಂದು ಪೆಟ್ಟಿಗೆಯಲ್ಲೇ ಮೂತ್ರ ಮಾಡಬೇಕು ಎಂಬ ಕಟ್ಟಳೆಗೆ ಇನ್ನೂ ನೂರು ವರ್ಷ ತುಂಬಿಲ್ಲ. ಬೆಕ್ಕು ಮನುಷ್ಯರ ಸುತ್ತಮುತ್ತ ಬದುಕಲು ತೊಡಗಿ ಸುಮಾರು ಹತ್ತು ಸಾವಿರ ವರ್ಷವಾಯಿತು ಎನ್ನುತ್ತಾರೆ. ಅಂಗಡಿಯಿಂದ ತಂದ ಮಣ್ಣು ತುಂಬಿದ ಟ್ರೇ ಬಂದದ್ದು 1947ರ ನಂತರ. ಮುದಿಬೆಕ್ಕು ಟ್ರೇ ಬಿಟ್ಟು ಕಾಲೊರಸಿನ ಮೇಲೋ ಸೋಫಾದ ಹಿಂದೋ ಉಚ್ಚೆ ಹೊಯ್ಯತೊಡಗಿದಾಗ, ಬೆಕ್ಕಿಗೆ ಏನಾಯಿತು ಎಂದು ಮನೆಮಂದಿ ಕೇಳುತ್ತಾರೆ. ಆ ಟ್ರೇ ಎಲ್ಲಿಂದ ಬಂತು, ಯಾರ ಅನುಕೂಲಕ್ಕೆ ಬಂತು ಎಂದೂ ಕೇಳಿಕೊಂಡರೆ ಮುಂದಿನ ದಾರಿ ಬೇಗ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತಿಯಾದವಳು. ಹುಟ್ಟೂರು ವಿಜಯಪುರ ಜಿಲ್ಲೆಯ ಎರೆಮಣ್ಣಿನ ಸೀಮೆ. ಈಗ ಇರುವುದು ಬೆಂಗಳೂರಿನಲ್ಲಿ, ಮಗಳ ಮನೆಯಲ್ಲಿ, ನಾಲ್ಕನೇ ಮಹಡಿಯಲ್ಲಿ. ನಮ್ಮ ಕೆಂಚಿಗೆ ಹದಿನಾರು ನಡೆಯುತ್ತಿದೆ. ಮರಿಯಾಗಿದ್ದಾಗಿನಿಂದ ಟ್ರೇ ಬಿಟ್ಟು ಬೇರೆ ಕಡೆ ಹೋಗದ ಬೆಕ್ಕು, ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯ ಮುಂದಿನ ಕಾಲೊರಸನ್ನು ಹಿಡಿಯಿತು. ಪಕ್ಕದ ಮನೆಯ ಹುಡುಗಿ, "ಆಂಟಿ, ಅದಕ್ಕೆ ಸಿಟ್ಟು ಬಂದಿದೆ. ಅಕ್ಕ ಆಫೀಸಿಗೆ ಹೋಗ್ತಾರಲ್ಲ, ಅದಕ್ಕೇ ಹೀಗೆ ಮಾಡುತ್ತೆ," ಅಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಲೋಕದ ತುಂಬ ಎಷ್ಟೋ ಮುದಿಬೆಕ್ಕುಗಳು ಮನೆ ಕಳೆದುಕೊಂಡದ್ದು ಇದೇ ಮಾತಿನಿಂದ.

ನಮ್ಮ ಊರಿನ ಮಾಳಿಗೆಮನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆ ಸೀಮೆಯಲ್ಲಿ ಕಟ್ಟಿಗೆ ಕಡಿಮೆ. ಒಲೆಗೆ ಕುಳ್ಳು, ತೊಗರಿಕಟ್ಟಿಗೆ. ದಿನವೂ ಒಲೆ ತೋಡಿದ ಬೂದಿ ಹಿತ್ತಲ ತಿಪ್ಪೆಗೆ ಬೀಳುತ್ತಿತ್ತು. ಜೋಳ ತುಂಬಿದ ಹಗೇವು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಅದು ರಾತ್ರಿ ಹಿತ್ತಲಿಗೆ ಹೋಗಿ ಬೂದಿಯಲ್ಲೋ ಸಡಿಲ ಮಣ್ಣಿನಲ್ಲೋ ಕೆದರಿ ಕೂತು, ಮುಗಿದ ಮೇಲೆ ಮುಚ್ಚಿ ಬರುತ್ತಿತ್ತು. "ನಾಯೀದು ನಾವು ತೆಗೀಬೇಕು, ಬೆಕ್ಕಿಂದು ಬೆಕ್ಕ ಮುಚ್ಚತೈತಿ," ಎನ್ನುತ್ತಿದ್ದಳು ಅವ್ವ. ಆ ಬೆಕ್ಕುಗಳಿಗೆ ವಯಸ್ಸಾದದ್ದನ್ನು ನಾವು ಕಂಡದ್ದು ಅಪರೂಪ. ನಾಯಿ ಹಿಡಿಯುತ್ತಿತ್ತು, ಹಾವು ಕಚ್ಚುತ್ತಿತ್ತು, ಇಲ್ಲವೇ ಒಂದು ದಿನ ಹೋದದ್ದು ಮರಳುತ್ತಿರಲಿಲ್ಲ.

ಮುಚ್ಚುವ ಈ ಗುಣ ನಾವು ಕಲಿಸಿದ್ದಲ್ಲ. ಸಾಕುಬೆಕ್ಕಿನ ಮೂಲ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದ ಒಣಭೂಮಿಯ ಕಾಡುಬೆಕ್ಕು. 2007ರಲ್ಲಿ ಕಾರ್ಲೋಸ್ ಡ್ರಿಸ್ಕಾಲ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಜಗತ್ತಿನ ಸಾಕುಬೆಕ್ಕುಗಳ ಬೇರು ಆ ಕಡೆಗೇ ಹೋಯಿತು. ಅದಕ್ಕೂ ಮೊದಲು, 2004ರಲ್ಲಿ, ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸಿಕ್ಕ ಸುಮಾರು 9,500 ವರ್ಷ ಹಿಂದಿನ ಒಂದು ಗೋರಿಯ ವರದಿ ಬಂತು. ಅದರಲ್ಲಿ ಮನುಷ್ಯನ ಅಸ್ಥಿಯಿಂದ 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದನ್ನು ಮಲಗಿಸಿದ್ದರು. ಆ ದ್ವೀಪದಲ್ಲಿ ಮೂಲತಃ ಬೆಕ್ಕೇ ಇರಲಿಲ್ಲ; ಯಾರೋ ಅದನ್ನು ದೋಣಿಯಲ್ಲಿ ತಂದಿದ್ದರು. ಮರಳುಸೀಮೆಯ ಈ ಪ್ರಾಣಿಗೆ ನೀರು ಸಿಗುತ್ತಿದ್ದದ್ದು ಹೆಚ್ಚಾಗಿ ಬೇಟೆಯ ಮೈಯಿಂದಲೇ. ಅದಕ್ಕಾಗಿ ಅದರ ಮೂತ್ರಪಿಂಡ ನೀರನ್ನು ಹನಿಹನಿಯಾಗಿ ಉಳಿಸಿಕೊಂಡು, ಮನುಷ್ಯನ ಮೂತ್ರಪಿಂಡಕ್ಕೆ ಸಾಧ್ಯವಾಗುವುದರ ಎರಡು ಪಟ್ಟಿಗಿಂತಲೂ ಹೆಚ್ಚು ಗಾಢವಾದ ಮೂತ್ರ ಮಾಡಬಲ್ಲದು. ಬೆಕ್ಕಿನ ಮೂತ್ರದ ಘಾಟಿಗೆ ಇದೊಂದು ಕಾರಣ. ಇನ್ನೊಂದು ಕಾರಣ ಫೆಲಿನೀನ್ ಎಂಬ, ಗಂಧಕ ಸೇರಿದ ಅಮೈನೋ ಆಮ್ಲ. ಮೂತ್ರ ಹಳತಾದಂತೆ ಅದು ಒಡೆದು ವಾಸನೆ ಏಳುತ್ತದೆ. ಈ ಫೆಲಿನೀನನ್ನು ಉಂಟುಮಾಡುವ ಕಾಕ್ಸಿನ್ ಎಂಬ ಪ್ರೋಟೀನನ್ನು ಜಪಾನಿನ ಮಸಾವೊ ಮಿಯಾಝಾಕಿ ಮತ್ತು ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ಗುರುತಿಸಿದರು.

ಹಿತ್ತಲಿಲ್ಲದ ಊರುಗಳಲ್ಲಿ ಈ ಗಾಢ ಮೂತ್ರವನ್ನು ಏನು ಮಾಡುವುದು ಎಂಬುದು ಹಳೆಯ ಕಷ್ಟ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಬೆಕ್ಕಿಗೆಂದೇ ಕುದುರೆಮಾಂಸದ ತುಂಡುಗಳನ್ನು ಮನೆಮನೆಗೆ ಮಾರುವವರಿದ್ದರು. ಆದರೂ ಬೆಕ್ಕನ್ನು ರಾತ್ರಿ ಹೊರಗೆ ಬಿಡುವುದೇ ರೂಢಿಯಾಗಿತ್ತು. ಒಳಗೇ ಇಟ್ಟುಕೊಂಡವರು ಒಂದು ತಗಡಿನ ತಟ್ಟೆಯಲ್ಲಿ ಒಲೆಯ ಬೂದಿ, ಮರಳು, ಮರದ ಪುಡಿ ಇಲ್ಲವೇ ಹರಿದ ಪತ್ರಿಕೆ ಹಾಕಿಡುತ್ತಿದ್ದರು. ಬೂದಿ ವಾಸನೆಯನ್ನು ಅಷ್ಟಿಷ್ಟು ಹೀರುತ್ತಿತ್ತು, ಜೊತೆಗೆ ಬೆಕ್ಕಿನ ಪಾದಕ್ಕೂ ಹತ್ತುತ್ತಿತ್ತು.

1947ರ ಜನವರಿಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಕಸ್ಸೋಪೊಲಿಸ್ ಎಂಬ ಸಣ್ಣ ಊರಿನಲ್ಲಿ, ಚಳಿಗೆ ಮರಳಿನ ಗುಡ್ಡೆ ಕಲ್ಲಿನಂತೆ ಹೆಪ್ಪುಗಟ್ಟಿತು. ಒಬ್ಬ ಹೆಂಗಸು ತನ್ನ ಬೆಕ್ಕಿಗೆ ಬೂದಿ ಹಾಕಿ ನೋಡಿದಳು, ಮನೆಯೆಲ್ಲ ಹೆಜ್ಜೆಗುರುತು. ಮರದ ಪುಡಿಯಿಂದಲೂ ಕೆಲಸವಾಗಲಿಲ್ಲ. ಆಕೆ ನೆರೆಯವರಾದ ಲೋ ಕುಟುಂಬದ ಬಳಿ ಬಂದಳು. ಕಾರ್ಖಾನೆಯ ನೆಲಕ್ಕೆ ಚೆಲ್ಲಿದ ಎಣ್ಣೆ, ಗ್ರೀಸ್ ಹೀರುವ ವಸ್ತುಗಳನ್ನು ಮಾರುವುದು ಅವರ ವ್ಯಾಪಾರ. 1920ರಲ್ಲಿ ಹುಟ್ಟಿ, ಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಮರಳಿದ್ದ ಮಗ ಎಡ್ವರ್ಡ್ ಲೋ, ಒಣಗಿಸಿ ಹರಳು ಮಾಡಿದ ಜೇಡಿಮಣ್ಣನ್ನು ಆಕೆಗೆ ಕೊಟ್ಟ. ಉಣ್ಣೆಬಟ್ಟೆಯ ಜಿಡ್ಡು ತೆಗೆಯಲು ಯುರೋಪಿನ ನೇಕಾರರು ತಲೆತಲಾಂತರದಿಂದ ಬಳಸುತ್ತಿದ್ದ ಮಣ್ಣದು. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಅದೇ ಜಾತಿಯದು. ಆಕೆ ಮತ್ತೆ ಬಂದು, ಆ ಮಣ್ಣೇ ಬೇಕು ಎಂದಳು.

ಲೋ ಹತ್ತು ಕಾಗದದ ಚೀಲಗಳಿಗೆ ಐದೈದು ಪೌಂಡ್ ಮಣ್ಣು ತುಂಬಿ, ಮೇಲೆ 'ಕಿಟ್ಟಿ ಲಿಟರ್' ಎಂದು ಬರೆದ. ಪಕ್ಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣಕ್ಕೆ ಒಯ್ದು, ಸಾಕುಪ್ರಾಣಿಗಳ ಅಂಗಡಿಯಲ್ಲಿ ಚೀಲಕ್ಕೆ 65 ಸೆಂಟ್ ಎಂದ. ಮರಳು ಪೌಂಡಿಗೆ ಒಂದು ಸೆಂಟಿಗೆ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವ ಅನುಮಾನಿಸಿದ. ಹಾಗಾದರೆ ಪುಕ್ಕಟೆ ಕೊಡಿ ಎಂದ ಲೋ. ಒಯ್ದವರು ಮರಳಿ ಬಂದು ದುಡ್ಡು ಕೊಟ್ಟು ಕೇಳಿದರು. ಆಮೇಲೆ ಲೋ ತನ್ನ ಷೆವರ್ಲೆ ಕಾರಿನಲ್ಲಿ ಮಣ್ಣು ಹೇರಿಕೊಂಡು ಊರೂರಿನ ಬೆಕ್ಕು ಪ್ರದರ್ಶನಗಳಿಗೆ ಹೋದ. ಅಲ್ಲಿನ ಬೆಕ್ಕುಗಳ ಪೆಟ್ಟಿಗೆ ತೊಳೆದು ಮಣ್ಣು ತುಂಬುವ ಕೆಲಸ ಮಾಡಿಕೊಟ್ಟು, ಅದಕ್ಕೆ ಬದಲಾಗಿ ಮಾರಲು ಒಂದು ಮಳಿಗೆ ಪಡೆಯುತ್ತಿದ್ದ. 1964ರಲ್ಲಿ 'ಟೈಡಿ ಕ್ಯಾಟ್' ಬಂತು. 1990ರಲ್ಲಿ ಆತ ಕಂಪನಿಯನ್ನು ಮಾರಿದ್ದು ಸುಮಾರು 20 ಕೋಟಿ ಡಾಲರಿಗೆ. ಐದು ವರ್ಷದ ನಂತರ, 1995ರಲ್ಲಿ, ತೀರಿಕೊಂಡ.

ಲೋ ಮಾರಿದ ಮಣ್ಣು ಹೀರುತ್ತಿತ್ತು, ಕಟ್ಟುತ್ತಿರಲಿಲ್ಲ. ಆಗಾಗ ಇಡೀ ಟ್ರೇಯನ್ನು ಬರಿದು ಮಾಡಿ ಹೊಸದು ಹಾಕಬೇಕು. 1984ರಲ್ಲಿ ಥಾಮಸ್ ನೆಲ್ಸನ್ ಎಂಬ ಜೀವರಸಾಯನ ವಿಜ್ಞಾನಿ, ಒಣಗಿಸಿ ಪುಡಿಮಾಡಿದ ಬೆಂಟೊನೈಟ್ ಎಂಬ ಜೇಡಿಮಣ್ಣು ಒದ್ದೆಯಾದ ಕಡೆ ಉಂಡೆ ಕಟ್ಟುವುದನ್ನು ಬೆಕ್ಕಿನ ಟ್ರೇಗೆ ಹೊಂದಿಸಿದ. ಅಲ್ಲಿಂದ ಮುಂದೆ ಉಂಡೆಯನ್ನು ಜಾಲರಿ ಸೌಟಿನಲ್ಲಿ ಎತ್ತಿ ಹಾಕಿದರೆ ಸಾಕಾಯಿತು.

ಈ ಬೆಂಟೊನೈಟ್ ನನಗೆ ಹಳೆಯ ಪರಿಚಯ. ತರಗತಿಯಲ್ಲಿ ಅಳತೆಯ ಗಾಜಿನ ಕೊಳವೆಗೆ ನೀರು ತುಂಬಿ ಚಿಟಿಕೆ ಚಿಟಿಕೆಯಾಗಿ ಬೆಂಟೊನೈಟ್ ಹಾಕಿ, ಅದು ಉಬ್ಬುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಸೋಡಿಯಂ ಇರುವ ಬೆಂಟೊನೈಟ್ ನೀರು ಕುಡಿದು ತನ್ನ ಗಾತ್ರದ ಹತ್ತು ಪಟ್ಟಿಗೂ ಹೆಚ್ಚು ಉಬ್ಬಬಲ್ಲದು. ಅದರಲ್ಲಿರುವ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಒಂದರ ಮೇಲೊಂದು ಒಟ್ಟಿದ ಕಡಕ್ ರೊಟ್ಟಿಯ ಹಾಗೆ ತೆಳ್ಳನೆಯ ಪದರಗಳು, ಪದರಗಳ ನಡುವೆ ನೀರು ಹೊಕ್ಕು ಅವನ್ನು ದೂರ ಸರಿಸುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆ, ಕಲಬುರಗಿಯ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿದು, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುವುದು ಇದೇ ಖನಿಜಕುಟುಂಬದ ಗುಣದಿಂದ. ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಎರೆಮಣ್ಣಾಯಿತು. ಗುಜರಾತಿನ ಕಚ್ಛ್‌ನಲ್ಲಿ ಅದೇ ದಖ್ಖನ್ ಲಾವಾದ ಶಿಲೆ ಮಾರ್ಪಟ್ಟು ಬೆಂಟೊನೈಟ್ ಆಯಿತು. ಇಂದು ಭಾರತದಲ್ಲಿ ಬೆಂಟೊನೈಟ್ ಅಗೆಯುವುದು ಮುಖ್ಯವಾಗಿ ಗುಜರಾತ್ ಮತ್ತು ರಾಜಸ್ಥಾನದಲ್ಲಿ. ಬೆಂಗಳೂರಿನ ಫ್ಲಾಟುಗಳ ಬಾಲ್ಕನಿಗೆ ಲಿಟರ್ ಎಂದು ಬರುವುದರಲ್ಲಿ ಈ ಮಣ್ಣೂ ಇದೆ. ಹಿತ್ತಲಿಲ್ಲದ ಮನೆಗೆ ಹಿತ್ತಲ ಮಣ್ಣು ಚೀಲದಲ್ಲಿ ಬಂತು ಎಂದು ನನಗೆ ಸಂತೋಷವೇ ಆಗಿತ್ತು.

ಈ ಮಣ್ಣು ಬೆಕ್ಕಿನ ಬಾಳನ್ನೇ ಬದಲಿಸಿತು. ವಾಸನೆ ತಗ್ಗಿದ್ದರಿಂದ ಬೆಕ್ಕನ್ನು ಹಗಲೂ ರಾತ್ರಿ ಒಳಗೇ ಇಟ್ಟುಕೊಳ್ಳಬಹುದಾಯಿತು. ಅದರ ಜೊತೆಗೆ ಡಬ್ಬಿಯ ಆಹಾರ ಬಂತು, ಲಸಿಕೆ ಬಂತು. 1970ರ ದಶಕದಿಂದ ಅಮೆರಿಕದ ನಗರಗಳಲ್ಲಿ ಕಡಿಮೆ ಖರ್ಚಿನ ಸಂತಾನಹರಣ ಚಿಕಿತ್ಸೆಯೂ ಬಂತು. ನಾಯಿ, ವಾಹನ, ಜಗಳದ ಗಾಯಗಳಿಂದ ತಪ್ಪಿಸಿಕೊಂಡ ಬೆಕ್ಕು ಹದಿನೈದು, ಹದಿನೆಂಟು ವರ್ಷ ಬದುಕತೊಡಗಿತು. ಅವ್ವನ ಹಿತ್ತಲಲ್ಲಿ ಕಾಣದಿದ್ದ ಮುದಿಬೆಕ್ಕು ಎಂಬ ಜೀವ ಮನೆಗಳಲ್ಲಿ ಕಾಣಿಸಿಕೊಂಡಿತು. ಟ್ರೇ ಕೊಟ್ಟ ಆಯಸ್ಸು ಅದು.

ವೈದ್ಯಶಾಸ್ತ್ರ ಈ ಹೊಸ ಜೀವವನ್ನು ಹಿಂಬಾಲಿಸಿ ಬಂದದ್ದು ನಿಧಾನವಾಗಿ. ಬಹುಕಾಲ ಪಶುವೈದ್ಯರ ಓದು ದನ, ಕುದುರೆ, ನಾಯಿಗಳದ್ದು. ಬೆಕ್ಕನ್ನು ಸಣ್ಣ ನಾಯಿ ಎಂದೇ ನೋಡುತ್ತಿದ್ದರು. ನ್ಯೂಯಾರ್ಕಿನಲ್ಲಿ ಲೂಯಿ ಕಮೂಟಿ ಎಂಬ ವೈದ್ಯರು ತಮ್ಮ ವೃತ್ತಿಯನ್ನು ಬೆಕ್ಕುಗಳಿಗೇ ಮೀಸಲಿಟ್ಟು ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಿದ್ದರು. ಇಟಲಿಯಲ್ಲಿ ಹುಟ್ಟಿದ ಅವರು 1981ರಲ್ಲಿ ತೀರಿಕೊಂಡರು. 1958ರಲ್ಲಿ ಬ್ರಿಟನ್ನಿನಲ್ಲಿ ಫಿಲೈನ್ ಅಡ್ವೈಸರಿ ಬ್ಯೂರೋ, 1971ರಲ್ಲಿ ಅಮೆರಿಕದಲ್ಲಿ ಬೆಕ್ಕಿನ ವೈದ್ಯರ ಸಂಘ, 1974ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕಿನ ಆರೋಗ್ಯ ಕೇಂದ್ರ ಶುರುವಾದವು. ಈಗ ಮುದಿಬೆಕ್ಕುಗಳಲ್ಲಿ ಎಲ್ಲೆಲ್ಲೂ ಕಾಣುವ ಥೈರಾಯ್ಡ್ ಹೆಚ್ಚಳದ ಕಾಯಿಲೆಯನ್ನು ನ್ಯೂಯಾರ್ಕಿನಲ್ಲಿ ಮೊದಲು ವಿವರಿಸಿದ್ದು 1979ರಲ್ಲಿ. 2002ರಲ್ಲಿ ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್-ರೇ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ಅವುಗಳಲ್ಲಿ ತೊಂಬತ್ತರ ಕೀಲುಗಳು ಸವೆದಿದ್ದವು. ಬೆಕ್ಕು ಕುಂಟದೆ, ಕೂಗದೆ, ಹಾರುವುದನ್ನು ಮಾತ್ರ ಬಿಡುತ್ತದೆ. ನೋಡಿದವರು ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ.

ನೋವಿರುವ ಸೊಂಟ ಹೊತ್ತ ಪ್ರಾಣಿ ಎತ್ತರದ ಅಂಚಿನ ಟ್ರೇಯೊಳಗೆ ಕಾಲೆತ್ತಿ ಇಳಿಯಬೇಕು, ಸಡಿಲ ಮಣ್ಣಿನ ಮೇಲೆ ತೂಕ ಹಂಚಿಕೊಂಡು ಕೂರಬೇಕು, ತಿರುಗಿ ಮುಚ್ಚಬೇಕು. ಒಂದೆರಡು ಬಾರಿ ಅಲ್ಲಿ ನೋವಾದರೆ ಅದು ಆ ಜಾಗಕ್ಕೇ ಹೆದರುತ್ತದೆ. ಮೆತ್ತಗಿರುವ, ಸಮತಟ್ಟಾದ, ಹತ್ತಿರದ ಕಾಲೊರಸನ್ನು ಹುಡುಕುತ್ತದೆ. ಮೂತ್ರಪಿಂಡ ಕುಂದಿದ ಬೆಕ್ಕಿನ ಕಷ್ಟ ಬೇರೆ ತರಹದ್ದು. ಅದಕ್ಕೆ ನೀರು ಉಳಿಸಿಕೊಳ್ಳಲು ಆಗುವುದಿಲ್ಲ. ಹೆಚ್ಚು ಕುಡಿಯುತ್ತದೆ, ಹೆಚ್ಚು ಹೊಯ್ಯುತ್ತದೆ, ಟ್ರೇವರೆಗೆ ತಡೆಯುವಷ್ಟು ಸಮಯ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲೂ ಹೀಗೆಯೇ. ಮೂತ್ರಕೋಶದ ಉರಿಯಲ್ಲಂತೂ ಹನಿ ಹೊಯ್ದಾಗಲೆಲ್ಲ ನೋವು.

ಇದನ್ನೆಲ್ಲ ತಿಳಿಯುವ ಮೊದಲು ಜನರ ಬಳಿ ಇದ್ದ ಉತ್ತರ ಸೊಕ್ಕು, ಸೇಡು. ಬೆಕ್ಕಿನ ಮೂಗನ್ನು ಒದ್ದೆಗೆ ತಿಕ್ಕಿ ಹೊಡೆಯುವುದು ತಲೆಮಾರುಗಳ ಕಾಲ ಪಾಠವೆನಿಸಿಕೊಂಡಿತ್ತು. 1996ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಗ್ಯಾರಿ ಪೆಟ್ರೊನೆಕ್ ಮತ್ತು ಸಂಗಡಿಗರು, ಯಾವ ಬೆಕ್ಕುಗಳನ್ನು ಜನ ಆಶ್ರಯಧಾಮಕ್ಕೆ ಬಿಟ್ಟುಬರುತ್ತಾರೆ ಎಂದು ಲೆಕ್ಕ ಹಾಕಿದರು. ಮನೆಯಲ್ಲಿ ಕಂಡಕಂಡಲ್ಲಿ ಗಲೀಜು ಮಾಡುವುದು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಆ ಅಧ್ಯಯನ ನಡೆದದ್ದು ಇಂಡಿಯಾನಾದಲ್ಲಿ. ಲೋ ತನ್ನ ಮೊದಲ ಹತ್ತು ಚೀಲಗಳನ್ನು ಒಯ್ದದ್ದೂ ಅದೇ ರಾಜ್ಯಕ್ಕೆ. ಬೆಕ್ಕನ್ನು ಒಳಗೆ ಕರೆತಂದ ಪೆಟ್ಟಿಗೆಯೇ ಐವತ್ತು ವರ್ಷದೊಳಗೆ ಅದನ್ನು ಹೊರಗೆ ಹಾಕಲು ಕಾರಣವಾಗಿತ್ತು.

ಆ ಹೊತ್ತಿಗೆ ಬೆಕ್ಕಿನ ಇಷ್ಟವೇನು ಎಂದು ಕೇಳುವವರೂ ಹುಟ್ಟಿದ್ದರು. ಪ್ರಾಣಿವರ್ತನೆಯ ತಜ್ಞ ಪೀಟರ್ ಬೋರ್ಚೆಲ್ಟ್ 1991ರಲ್ಲಿ ಪ್ರಕಟಿಸಿದ ಬರಹದಲ್ಲಿ, ಹೆಚ್ಚಿನ ಬೆಕ್ಕುಗಳು ನುಣ್ಣನೆಯ, ಉಂಡೆ ಕಟ್ಟುವ ಮಣ್ಣನ್ನೇ ಆರಿಸಿಕೊಳ್ಳುತ್ತವೆ ಎಂದು ತೋರಿಸಿದರು. ಅದು ಮರಳುಸೀಮೆಯ ನೆಲಕ್ಕೆ ಹತ್ತಿರವಾದ ಮಣ್ಣು. ಸುಗಂಧ ಬೆರೆಸಿದ ಲಿಟರ್, ಮುಚ್ಚಳದ ಟ್ರೇ, ಜಾಗ ಉಳಿಸುವ ಚಿಕ್ಕ ಟ್ರೇ, ಇವೆಲ್ಲ ಮನುಷ್ಯರ ಮೂಗಿಗೆ, ಕಣ್ಣಿಗೆ, ಕೋಣೆಗೆ ತಕ್ಕಂತೆ ಬಂದವು. 2014ರಲ್ಲಿ ಅಮೆರಿಕದ ಬೆಕ್ಕಿನ ವೈದ್ಯರ ಸಂಘ ಮತ್ತು ಅಂತರರಾಷ್ಟ್ರೀಯ ಬೆಕ್ಕಿನ ವೈದ್ಯ ಸಂಘ ಸೇರಿ ಈ ವಿಷಯಕ್ಕೆಂದೇ ಮಾರ್ಗಸೂಚಿ ಹೊರಡಿಸಿದವು. ಬೆಕ್ಕು ಸೇಡಿಗಾಗಿ ಹೀಗೆ ಮಾಡುವುದಿಲ್ಲ. ಮೊದಲು ಕಾಯಿಲೆ ಹುಡುಕಿ, ಆಮೇಲೆ ಟ್ರೇ ನೋಡಿ ಎಂಬುದು ಅದರ ತಿರುಳು. ಟ್ರೇ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು, ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಬೇಕು ಎಂದೂ ಹೇಳಿತು.

ಕೆಂಚಿಯ ವಿಷಯದಲ್ಲಿ ನನಗೆ ಸುಳಿವು ಕೊಟ್ಟದ್ದು ವಾಸನೆ. ಕಾಲೊರಸಿನ ಒದ್ದೆ ನೀರಿನಂತೆ ತಿಳಿಯಾಗಿತ್ತು, ಘಾಟು ಇರಲೇ ಇಲ್ಲ. ಮರಳುಸೀಮೆಯಿಂದ ಬಂದ ಆ ಗಾಢತೆ ಹೋಗಿದೆ ಎಂದರೆ ಮೂತ್ರಪಿಂಡ ಸೋಲುತ್ತಿರಬಹುದು ಎಂದರ್ಥ. ಪಶುವೈದ್ಯೆ ರಕ್ತ, ಮೂತ್ರ ಪರೀಕ್ಷಿಸಿ, ರಕ್ತದೊತ್ತಡ ನೋಡಿ, ಎಕ್ಸ್-ರೇ ತೆಗೆಸಿದರು. ಮೂತ್ರಪಿಂಡ ಕುಂದಿತ್ತು, ಸೊಂಟದ ಕೀಲೂ ಸವೆದಿತ್ತು. ಆಹಾರ ಬದಲಾಯಿತು, ಔಷಧಿ ಶುರುವಾಯಿತು. ನೀರಿನ ಬಟ್ಟಲನ್ನು ಹೆಚ್ಚಿಸಿದೆವು. ಹೊಯ್ಯುವುದು ಜಾಸ್ತಿ ಎಂದು ನೀರು ಕಡಿಮೆ ಮಾಡಿದರೆ ಇಂಥ ಬೆಕ್ಕಿನ ಜೀವಕ್ಕೇ ಅಪಾಯ.

ಟ್ರೇಯನ್ನು ನಾನೇ ತಿದ್ದಿದೆ. ಬಟ್ಟೆ ತುಂಬಿಡುವ ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ಎರಡು ಬೆರಳಿನಷ್ಟು ಉಳಿಸಿ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದೆ. ಬಾಲ್ಕನಿಯ ಹೊಸ್ತಿಲು ದಾಟುವ ಕಷ್ಟ ಬೇಡವೆಂದು ಒಂದನ್ನು ಅದು ಮಲಗುವ ಕೋಣೆಯಲ್ಲಿ, ಇನ್ನೊಂದನ್ನು ಕಾಲೊರಸಿದ್ದ ಜಾಗದಲ್ಲೇ ಇಟ್ಟೆವು. ಅದು ತಾನಾಗಿ ಆರಿಸಿಕೊಂಡ ಜಾಗ. ಅಲ್ಲಿಗೆ ಬಲು ಬೇಗ ಒಗ್ಗಿತು. ಮಣ್ಣು ತೆಳ್ಳಗೆ, ಸುಗಂಧವಿಲ್ಲದ್ದು. ರಾತ್ರಿ ದಾರಿಯಲ್ಲೊಂದು ಸಣ್ಣ ದೀಪ. ಉಂಡೆ ತೆಗೆಯುವುದು ದಿನಕ್ಕೆ ಎರಡು ಸಲವಾದರೂ.

ನಮ್ಮ ಮನೆಗಳ ರೂಢಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒದ್ದೆಯಾದ ನೆಲಕ್ಕೆ ಫಿನೈಲ್ ಸುರಿಯುವುದು ನಮಗೆ ಕೈಬಂದ ಅಭ್ಯಾಸ. ಫಿನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಪಾದಕ್ಕೆ ಹತ್ತಿದ್ದನ್ನು ನೆಕ್ಕಿದರೂ ಅದು ವಿಷ. ಅಮೋನಿಯಾ ಇರುವ ದ್ರಾವಣವೂ ಬೇಡ, ಅದರ ವಾಸನೆ ಮೂತ್ರದಂತಿದ್ದು ಬೆಕ್ಕನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ. ಕಿಣ್ವಗಳಿರುವ ಕ್ಲೀನರ್ ಹಾಕಿ, ಅದು ಕೆಲಸ ಮಾಡುವಷ್ಟು ಹೊತ್ತು ಬಿಟ್ಟು ಒರೆಸಬೇಕು. ಎರಡನೆಯದು, ನೋವಿದೆ ಎಂದು ನಮ್ಮ ಪ್ಯಾರಸಿಟಮಾಲ್ ಮಾತ್ರೆ ಕೊಡಬಾರದು. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಬೆಕ್ಕಿನ ಕೀಲುನೋವಿಗೆಂದೇ ಮಾಡಿದ ಚುಚ್ಚುಮದ್ದೊಂದಕ್ಕೆ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಯಾವುದು ಯಾವ ಬೆಕ್ಕಿಗೆ ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಕೆಂಚಿ ಈಗಲೂ ಒಮ್ಮೊಮ್ಮೆ ಟ್ರೇಯ ಅಂಚಿನಾಚೆ ಹೊಯ್ಯುತ್ತದೆ. ಕೆಳಗೆ ಹೀರುವ ಹಾಳೆ ಹಾಸಿದ್ದೇವೆ, ಒರೆಸುತ್ತೇವೆ. ಮುದಿಬೆಕ್ಕನ್ನು ಚೀಲದಲ್ಲಿ ಕಟ್ಟಿ ಮಾರ್ಕೆಟ್ಟಿನ ಹತ್ತಿರ ಬಿಟ್ಟುಬರುವವರಿದ್ದಾರೆ, ಅದು ಹೇಗೋ ಬದುಕಿಕೊಳ್ಳುತ್ತದೆ ಎನ್ನುತ್ತಾರೆ. ತಿಪ್ಪೆಯಲ್ಲಿ ಬೆಳೆದ ಬೆಕ್ಕಾದರೆ ಬದುಕೀತು. ನಾಲ್ಕನೇ ಮಹಡಿಯಲ್ಲಿ ಬೆಳೆದದ್ದಕ್ಕೆ ಆ ವಿದ್ಯೆಯನ್ನು ನಾವೇ ತಪ್ಪಿಸಿದ್ದೇವೆ. ಬಿಡುವ ಮಾತು ಬಂದ ಮನೆಯವರಿಗೆ ನನ್ನ ವಿನಂತಿ: ಮೊದಲು ರಕ್ತ, ಮೂತ್ರದ ಪರೀಕ್ಷೆ ಮಾಡಿಸಿ, ಟ್ರೇಯ ಒಂದು ಬದಿ ಕತ್ತರಿಸಿ ಬೆಕ್ಕಿನ ಹತ್ತಿರಕ್ಕೆ ತಂದಿಡಿ. ಇಷ್ಟು ವರ್ಷ ಬೆಕ್ಕು ನಮ್ಮ ಕಟ್ಟಳೆಗೆ ನಡೆದುಕೊಂಡಿದೆ. ಉಳಿದ ಸ್ವಲ್ಪ ಕಾಲ ಅದರ ಕಾಲಿಗೆ, ಅದರ ಮೂತ್ರಪಿಂಡಕ್ಕೆ ತಕ್ಕಂತೆ ಆ ಕಟ್ಟಳೆಯನ್ನು ನಾವು ತಿದ್ದಿಕೊಳ್ಳುವುದು ನ್ಯಾಯ.